ಐಸ್‌ಲ್ಯಾಂಡಿಗೆ ಸಡ್ಡು

ಮಾರ್ಚ್ 3, ಸೋಮವಾರ

ಇವತ್ತು ಸೆಲೂನಿನಲ್ಲಿ ಜಗಳವಾಯಿತು. ಜಗಳವೆಂದರೆ ಕೈಕೈ ಮಿಲಾಯಿಸುವಂಥದ್ದಲ್ಲ. ನನ್ನ ಒಂದು ಕೆನ್ನೆ ಬೋಳಾಗಿ ಇನ್ನೊಂದರ ಮೇಲೆ ನೊರೆ ಇತ್ತು, ಕತ್ತಿ ಸೆಲೂನಿನವನ ಕೈಯಲ್ಲಿತ್ತು. ಅಂಥ ಹೊತ್ತಿನಲ್ಲಿ ಎಷ್ಟು ಜಗಳವಾಡಬಹುದೋ ಅಷ್ಟು. ವಿಷಯ ಪತ್ರಿಕೆಯದು. ಗಂಡು ಹೆಣ್ಣು ಎಲ್ಲೆಲ್ಲಿ ಎಷ್ಟೆಷ್ಟು ಸಮ ಎಂದು ಯಾರೋ ದೊಡ್ಡವರು ದೇಶ ದೇಶಗಳನ್ನು ಅಳೆದು ಪಟ್ಟಿ ಮಾಡಿದ್ದಾರೆ. ಮೊದಲನೆಯದು ಐಸ್‌ಲ್ಯಾಂಡ್. ಎಷ್ಟೋ ವರ್ಷಗಳಿಂದ ಅದೇ ಮೊದಲಂತೆ. ನಮ್ಮದು ಎಲ್ಲಿದೆ ಎಂದು ಬೆರಳಿಟ್ಟುಕೊಂಡು ಇಳಿದೆ, ಇಳಿದೆ, ಕಾಲಂ ಮುಗಿಯಿತು, ಹಾಳೆ ಮಗುಚಬೇಕಾಯಿತು.

"ಐಸ್‌ಲ್ಯಾಂಡಲ್ಲಿ ಜನ ಎಲ್ಲಿದಾರೆ ಗಡಿಯಾರದಣ್ಣ? ಬರೀ ಮಂಜುಗಡ್ಡೆ. ಮಂಜುಗಡ್ಡೇಲಿ ಗಂಡು ಯಾವ್ದು, ಹೆಣ್ಣು ಯಾವ್ದು?" ಎಂದ ಸೆಲೂನಿನವನು.

ಗಡಿಯಾರದಣ್ಣ ಎಂದರೆ ನಾನೇ. ಬಂದರಿನ ಗೇಟಿನಲ್ಲಿ ಮೂವತ್ತನಾಲ್ಕು ವರ್ಷ ಟೈಂಕೀಪರ್ ಆಗಿದ್ದೆ. ಯಾರು ಎಷ್ಟು ಗಂಟೆಗೆ ಒಳಗೆ, ಎಷ್ಟು ಗಂಟೆಗೆ ಹೊರಗೆ ಎಂದು ಬರೆಯುವುದು. ನಿವೃತ್ತನಾಗಿ ಆರು ವರ್ಷವಾದರೂ ಆ ಹೆಸರು ನನ್ನನ್ನು ಬಿಟ್ಟಿಲ್ಲ.

"ದೇಶ ಬಿಡು," ಎಂದೆ. "ನಮ್ಮ ಮನೇನೇ ಒಂದು ದೇಶ ಅಂತ ಹಿಡಿದು ಅಳೀಲಿ. ಮಗಳನ್ನ ಓದಿಸಿದೀನಿ. ಅದೇ ಬಂದರಲ್ಲಿ ಟ್ಯಾಲಿ ಕ್ಲರ್ಕು, ಹಡಗಿಗೆ ಹತ್ತೋ ಇಳಿಯೋ ಕಂಟೇನರ್ ಡಬ್ಬ ಎಲ್ಲಾ ಅವಳೇ ಎಣಿಸ್ಬೇಕು. ಇಷ್ಟಪಟ್ಟವನನ್ನೇ ಮದುವೆ ಆದ್ಲು, ನಾನು ಚಕಾರ ಎತ್ತಲಿಲ್ಲ. ಹೆಂಡ್ತಿ ಇದ್ದಾಗ ಬೀರುವಿನ ಬೀಗದ ಕೈ ಅವಳ ಹತ್ರಾನೇ. ಐಸ್‌ಲ್ಯಾಂಡಿಗಿಂತ ಒಂದು ಮೆಟ್ಟಿಲು ಮೇಲೇ ಇದ್ದೀವಿ."

"ಹಾಗಾದ್ರೆ ತಾರಸಿ ಮೇಲೊಂದು ಬಾವುಟ ಹಾರಿಸಿಬಿಡಿ," ಎಂದು ಇನ್ನೊಂದು ಕೆನ್ನೆಗೆ ಕತ್ತಿ ಇಟ್ಟ. ಸರದಿಯಲ್ಲಿ ಕೂತವರೆಲ್ಲ ನಕ್ಕರು.

ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದ ಒಂದು ವಾಕ್ಯವನ್ನು ಅಲ್ಲಿ ಬಿಡಬೇಕೆಂದುಕೊಂಡೆ: 'ಬಿಫೋರ್ ಯು ಕಂಪೇರ್, ಜೆಂಟಲ್‌ಮೆನ್, ಯು ಮಸ್ಟ್ ಫಸ್ಟ್...' ಫಸ್ಟ್ ಏನೋ ಒಂದು ಮಾಡಬೇಕು. ಅದೇನೆಂಬುದು ಬಿ.ಎ. ಎರಡನೇ ವರ್ಷದಲ್ಲೇ ಉಳಿದುಹೋಯಿತು, ನಾನೂ ಅಲ್ಲೇ ಉಳಿದೆ.

ಮಾರ್ಚ್ 5, ಬುಧವಾರ

ಅಳೆಯುವವರು ಮನೆಗೇ ಬಂದರು! ಸರ್ಕಾರದ ಸರ್ವೆಯಂತೆ. ಕನ್ನಡಕದ ಹೆಂಗಸು, ಭುಜಕ್ಕೆ ಭಾರದ ಚೀಲ, ಸಣ್ಣ ದನಿ. ಜನ ದಿನದ ಇಪ್ಪತ್ನಾಲ್ಕು ಗಂಟೆಯನ್ನು ಯಾವುದಕ್ಕೆ ಖರ್ಚು ಮಾಡುತ್ತಾರೆ ಎಂದು ಬರೆದುಕೊಳ್ಳುವುದು. ಇಂಥದ್ದೇ ಸರ್ವೆ ಎಷ್ಟೋ ದೇಶಗಳಲ್ಲಿ ನಡೆಯುತ್ತದಂತೆ, ಆಮೇಲೆ ಪಕ್ಕಪಕ್ಕ ಇಟ್ಟು ನೋಡುತ್ತಾರಂತೆ. ನನಗೊಂದು ಪುಸ್ತಕ, ನನ್ನ ಜೊತೆಗೇ ಇರುವ ಮಗಳಿಗೊಂದು ಪುಸ್ತಕ ಕೊಟ್ಟು ಹೋದಳು. ಅಳಿಯ ಹಡಗಿನ ಮೇಲಿದ್ದಾನೆ. ಒಂದೊಂದು ಸಾಲಿಗೂ ಹತ್ತು ನಿಮಿಷ.

ನೋಡಿ ಕಣ್ಣು ತಂಪಾಯಿತು. ಗೆರೆ ಹಾಕಿದ ಹಾಳೆ ಮುಟ್ಟಿ ಆರು ವರ್ಷವಾಗಿತ್ತು.

ಎರಡನ್ನೂ ನಾನೇ ತುಂಬಿದೆ. ಮಗಳನ್ನು ಕೇಳಬೇಕೆಂದೇ ತೋಚಲಿಲ್ಲ. ಸಾವಿರದ ಇನ್ನೂರು ಜನರ ಸಮಯ ಬರೆದವನಿಗೆ ಒಬ್ಬಳ ಸಮಯ ಯಾವ ಮಹಾ? ಎಂಟರಿಂದ ಐದು: ಡ್ಯೂಟಿ. ಐದರಿಂದ ಮರುದಿನ ಎಂಟರವರೆಗೆ: ಆಫ್ ಡ್ಯೂಟಿ. ಉದ್ದಕ್ಕೆ ಒಂದು ಗೆರೆ ಎಳೆದು ಕೆಳಗೆ ಸಹಿ. ಮೂರು ನಿಮಿಷದ ಕೆಲಸ.

ಮಾರ್ಚ್ 10, ಸೋಮವಾರ

ಸರ್ವೆಯಮ್ಮ ಪುಸ್ತಕ ವಾಪಸು ತಂದಳು. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಒಂದು ರಿಜಿಸ್ಟರನ್ನೂ ಯಾರೂ ವಾಪಸು ತಂದವರಿಲ್ಲ.

"ಯಜಮಾನ್ರೇ, ಆಫ್ ಡ್ಯೂಟಿ ಅಂತ ಒಂದು ಕೋಡೇ ಇಲ್ಲ ನಮ್ಮಲ್ಲಿ."

"ನಿದ್ದೆ ಅಂತ ಹಾಕಿಕೊಳ್ಳಿ."

"ಹದಿನೈದು ಗಂಟೆ ಮಲಗ್ತಾರಾ ನಿಮ್ಮ ಮಗಳು?"

"ನಾನು ಹಾಗೆ ಹೇಳಲಿಲ್ಲ."

"ಅವತ್ತು ಸಂಜೆ ಅಡುಗೆ ಮಾಡಿದ್ದು ಯಾರು?"

"ಅವಳೇ."

"ಅದು ಯಾವ ಸಾಲಲ್ಲಿದೆ ತೋರ್ಸಿ."

ಸಾಲು ಸಾಲು ಹುಡುಕಿದೆ. ಬರೀ ಗೆರೆ. ಸರ್ವೆಯಮ್ಮ ನಗಲಿಲ್ಲ, ಅದೇ ಹೆಚ್ಚು ನಾಟಿತು. ಇಬ್ಬರಿಗೂ ಹೊಸ ಪುಸ್ತಕ ಕೇಳಿ ಇಸಿದುಕೊಂಡೆ. ಒಂದು ದಿನವಲ್ಲ, ಪೂರ್ತಿ ವಾರ ಬರೆದುಕೊಡುತ್ತೇನೆ, ನೋಡಿಕೊಂಡೇ ಬರೆಯುತ್ತೇನೆ ಎಂದೆ. "ಅಷ್ಟು ಬೇಡ ಯಜಮಾನ್ರೇ," ಎಂದಳು. ಬೇಕು. ಇದು ನನ್ನ ಕಸುಬಿನ ಪ್ರಶ್ನೆ.

ಮಾರ್ಚ್ 11, ಮಂಗಳವಾರ

ವಾಚು, ಪೆನ್ಸಿಲ್ಲು, ಪುಸ್ತಕ ಹಿಡಿದು ಬೆಳಗಿನ ಐದೂವರೆಯಿಂದ ಮಗಳ ಬೆನ್ನಿಗೆ ಬಿದ್ದೆ.

"ಅಪ್ಪ, ಬಚ್ಚಲ ಬಾಗಿಲಲ್ಲಿ ಯಾಕೆ ನಿಂತಿದೀಯ?"

"ಬಟ್ಟೆ ಒಗೆಯೋಕೆ ಎಷ್ಟು ಹೊತ್ತು ಬೇಕು ಅಂತ ಬರ್ಕೋತಾ ಇದೀನಿ."

"ಬರ್ಕೊಂಡ್ರೆ ಕೊಳೆ ಹೋಗುತ್ತಾ? ಆ ಬಕೆಟ್ಟಾದ್ರೂ ಎತ್ತಿಕೊಡು."

ಎತ್ತಿಕೊಟ್ಟೆ. ನನ್ನ ಪುಸ್ತಕದಲ್ಲಿ 'ಮನೆಗೆಲಸ, ಒಂದು ನಿಮಿಷ' ಎಂದು ಬರೆದುಕೊಂಡೆ. ಸುಳ್ಳೇಕೆ, ಖುಷಿಯಾಯಿತು.

ಈ ಪುಸ್ತಕದಲ್ಲೊಂದು ವಿಚಿತ್ರವಿದೆ: 'ಅದೇ ಹೊತ್ತಿಗೆ ಇನ್ನೇನು ಮಾಡುತ್ತಿದ್ದಿರಿ?' ಎಂಬ ಎರಡನೇ ಕಾಲಂ. ನನ್ನ ಗೇಟಿನಲ್ಲಿ ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ದುಡಿದದ್ದು ಇಲ್ಲವೇ ಇಲ್ಲ. ಇಲ್ಲಿ ಸಂಜೆ ಆರೂವರೆಗೆ ಮಗಳು ಬೇಳೆ ತಿರುವುತ್ತಾಳೆ, ಮೊಮ್ಮಗಳ ಮಗ್ಗಿ ಒಪ್ಪಿಸಿಕೊಳ್ಳುತ್ತಾಳೆ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ನಾಳಿನ ಹಡಗಿನ ಡಬ್ಬಗಳ ಲೆಕ್ಕ ಹೇಳುತ್ತಾಳೆ. ಮೂರನೇ ಕಾಲಂ ಇಲ್ಲ. ನಾನೇ ಗೆರೆ ಎಳೆದುಕೊಂಡೆ.

ಮೊಮ್ಮಗಳಿಗೆ ಆರು ವರ್ಷ. ಅಡ್ಡಹೆಸರು ಪಟಾಕಿ. "ಅಜ್ಜ, ನನ್ನದೂ ಬರಿ. ನಾನು ಏನೂ ಮಾಡ್ತಾ ಇಲ್ಲ," ಎಂದಳು.

"ನಾನೂ ಅಷ್ಟೇ ಪುಟ್ಟಿ," ಎಂದೆ. ತಮಾಷೆಗೆ.

ಮಾರ್ಚ್ 13, ಗುರುವಾರ

ನಿನ್ನೆ ರಾತ್ರಿ ಊಟವಾದ ಮೇಲೆ, ಎಂಟು ಗಂಟೆ ನಲವತ್ತು ನಿಮಿಷದಿಂದ ಐವತ್ತರವರೆಗಿನ ಸಾಲಿಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಮಗಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಒಂದು ಕಾಗದ ಬಿಚ್ಚಿದಳು, ನೋಡಿದಳು, ಮಡಿಸಿದಳು, ಅಕ್ಕಿ ಡಬ್ಬದ ಕೆಳಗೆ ಇಟ್ಟಳು. ಇವತ್ತು ಬೆಳಿಗ್ಗೆ ಕೇಳಿದೆ.

"ಇದು ಯಾವ ಕೋಡಮ್ಮ?"

"ಏನಿಲ್ಲಪ್ಪ. ಬಿಡು."

"ಏನಿಲ್ಲ ಅಂತ ಕೋಡಿಲ್ಲ. ಸರ್ವೆಯಮ್ಮ ವಾಪಸು ತರ್ತಾಳೆ."

ನಕ್ಕಳು. ಆಮೇಲೆ ಕಾಗದ ಕೊಟ್ಟಳು. ಹಡಗುಕಟ್ಟೆಯ ದೊಡ್ಡ ಕ್ರೇನಿಗೆ ಆಪರೇಟರ್ ಬೇಕಾಗಿದ್ದಾರೆ. ಇರುವ ನೌಕರರೇ ಅರ್ಜಿ ಹಾಕಬಹುದು. ಆರು ವಾರ, ದಿನಾ ಸಂಜೆ ಐದೂವರೆಯಿಂದ ಎಂಟರವರೆಗೆ ತರಬೇತಿ, ಆಮೇಲೆ ಪರೀಕ್ಷೆ. ಕೊನೆಯ ದಿನ 20. ಹೆಸರು, ಹುಟ್ಟಿದ ತಾರೀಕು, ಏಳು ವರ್ಷದ ಸರ್ವಿಸ್ಸು ಎಲ್ಲ ತುಂಬಿದ್ದಾಳೆ. ಸಹಿ ಮಾತ್ರ ಇಲ್ಲ.

ನಮ್ಮ ಬಂದರಿನಲ್ಲಿ ಆ ಕ್ರೇನಿಗೆ ಹೆಣ್ಣು ಹತ್ತಿದ್ದೇ ಇಲ್ಲ.

"ಏಳು ವರ್ಷ ಕೆಳಗೆ ನಿಂತು ಎಣಿಸಿದೀನಪ್ಪ. ಮೇಲೆ ಕೂತವನು ಎಲ್ಲಿ ತಪ್ಪು ಮಾಡ್ತಾನೆ ಅಂತ ಡಬ್ಬ ತೂಗಾಡೋದು ನೋಡೇ ಹೇಳ್ತೀನಿ. ನನಗೆ ಬರುತ್ತೆ ಅದು."

"ಮತ್ತೆ ಸಹಿ?"

ಅವಳು ನನ್ನ ಕೈಯಲ್ಲಿದ್ದ ತನ್ನ ಪುಸ್ತಕವನ್ನೇ ತಿರುಗಿಸಿ ಸಂಜೆ ಐದೂವರೆಯ ಸಾಲಿನ ಮೇಲೆ ಬೆರಳಿಟ್ಟಳು. ಅಲ್ಲಿಂದ ಎಂಟರವರೆಗೆ ಹದಿನೈದು ಸಾಲು. ಎಲ್ಲವೂ ಅವಳ ಮನೆಗೆಲಸದಿಂದ, ನನ್ನ ಅಕ್ಷರದಲ್ಲೇ ಭರ್ತಿಯಾಗಿದ್ದವು.

ಮಾರ್ಚ್ 17, ಸೋಮವಾರ

ಕೂಡಿಸಿದೆ. ಮಗಳು: ಬಂದರಿನ ಕೆಲಸ ಬಿಟ್ಟು, ಮನೆಯ ಕೆಲಸ ದಿನಕ್ಕೆ ಐದು ಗಂಟೆ ಹತ್ತು ನಿಮಿಷ. ನಾನು: ಇಪ್ಪತ್ತು ನಿಮಿಷ. ಅದರಲ್ಲಿ ಪತ್ರಿಕೆ ತರುವುದನ್ನೂ 'ಮೇಲ್ವಿಚಾರಣೆ'ಯನ್ನೂ ಸರ್ವೆಯಮ್ಮ ಹೊಡೆದುಹಾಕಿದಳು. ಉಳಿದದ್ದು ಬಕೆಟ್ಟು.

"ಬೇಜಾರು ಮಾಡ್ಕೋಬೇಡಿ. ಹೆಂಗಸರು ಮಾಡೋಷ್ಟು ಮನೆಗೆಲಸ ಗಂಡಸರೂ ಮಾಡೋ ದೇಶ ಇದುವರೆಗೆ ಒಂದೂ ಸಿಕ್ಕಿಲ್ಲ," ಎಂದಳು.

"ಐಸ್‌ಲ್ಯಾಂಡು?"

"ಅದೂ ಇಲ್ಲ. ಹತ್ತಿರ ಇದೆ, ಅಷ್ಟೇ."

"ಅಂದ್ರೆ ಆ ಜಾಗ ಖಾಲಿ?"

"ಖಾಲಿ," ಎಂದು ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೋದಳು.

ಮಧ್ಯಾಹ್ನ ಪೆನ್ಸಿಲ್ಲು ಕೈಯಲ್ಲೇ ಇತ್ತು. ಸುಮ್ಮನೆ ಇನ್ನೊಂದು ಲೆಕ್ಕ ಹಾಕಿದೆ. ನನ್ನವಳಿಗೆ ಬಂದರಿನ ಕೆಲಸ ಇರಲಿಲ್ಲ, ಮನೆಯದೇ. ಕಡಿಮೆ ಅಂದರೂ ದಿನಕ್ಕೆ ಏಳು ಗಂಟೆ. ಮೂವತ್ತೆಂಟು ವರ್ಷ. ಭಾನುವಾರ ರಜೆ ಇಲ್ಲ. ಎಂಟು ಗಂಟೆಗೊಂದು ಶಿಫ್ಟಿನಂತೆ ಹನ್ನೆರಡು ಸಾವಿರದ ನೂರ ಮೂವತ್ತಾರು ಶಿಫ್ಟು. ನನ್ನ ಸರ್ವಿಸ್ಸಿನಲ್ಲಿ ಆದದ್ದು ಹತ್ತು ಸಾವಿರದ ಚಿಲ್ಲರೆ.

ಮತ್ತೆ ಕೂಡಿಸಿದೆ. ಅಷ್ಟೇ ಬಂತು.

ಮಾರ್ಚ್ 18, ಮಂಗಳವಾರ

ಅಳಿಯ ಫೋನು ಮಾಡಿದ. ಅವನು ಸರಕು ಹಡಗಿನಲ್ಲಿ ಅಡುಗೆಯವನು. ಎಂಟು ತಿಂಗಳು ನೀರು, ನಾಲ್ಕು ತಿಂಗಳು ಮನೆ. ಇಪ್ಪತ್ತೆರಡು ಜನಕ್ಕೆ ದಿನಕ್ಕೆ ನಾಲ್ಕು ಹೊತ್ತು ಬೇಯಿಸುತ್ತಾನೆ. ಅವನ ಹಡಗು ಒಮ್ಮೆ ಐಸ್‌ಲ್ಯಾಂಡಿಗೂ ಹೋಗಿತ್ತಂತೆ.

"ಅಲ್ಲಿ ಹೇಗೆ ಅಷ್ಟು ಮುಂದೆ ಹೋದರು ಅಳಿಯಪ್ಪ?"

"ಸುಮ್ಮನೆ ಹೋಗಿಲ್ಲ ಮಾವ. ಎಪ್ಪತ್ತೈದರಲ್ಲಿ ಒಂದು ದಿನ ಹೆಂಗಸರೆಲ್ಲ ಕೆಲಸ ನಿಲ್ಸಿ ಬೀದಿಗೆ ಬಂದುಬಿಟ್ರಂತೆ. ಆಫೀಸೂ ಇಲ್ಲ, ಅಡುಗೇನೂ ಇಲ್ಲ. ಗಂಡಸರು ಮಕ್ಕಳನ್ನ ಕಂಕುಳಲ್ಲಿ ಇಟ್ಕೊಂಡು ಆಫೀಸಿಗೆ ಹೋದ್ರು. ಅಂಗಡೀಲಿ ಸಾಸೇಜು ಪೂರಾ ಖಾಲಿ ಆಯ್ತಂತೆ, ಅವರಿಗೆ ಬೇಯಿಸೋಕೆ ಬರ್ತಿದ್ದದ್ದು ಅದೊಂದೇ."

"ನನಗೆ ಅದೂ ಬರೋದಿಲ್ಲವಲ್ಲ."

"ಮೊಟ್ಟೆ ಬರುತ್ತಾ?"

"ಒಡೆಯೋಕೆ ಬರುತ್ತೆ."

"ಸಾಕು ಮಾವ. ಮಿಕ್ಕಿದ್ದು ನಾನು ಹೇಳ್ಕೊಡ್ತೀನಿ."

ಸಂಜೆ ಮಗಳ ಮುಂದೆ ಹಾಳೆ ಇಟ್ಟೆ. ಶಿಫ್ಟ್ ಪಟ್ಟಿ. ಎರಡನೇ ಶಿಫ್ಟು, ಸಂಜೆ ಐದರಿಂದ ಒಂಬತ್ತು: ಗಡಿಯಾರದಣ್ಣ. ಅಡುಗೆ, ಪಾತ್ರೆ, ಪಟಾಕಿ.

"ಎಷ್ಟು ದಿನ ನಡೆಯುತ್ತೆ ಈ ಆಟ?" ಎಂದಳು.

"ನಾನೇನು ನಿನಗೋಸ್ಕರ ಮಾಡ್ತಾ ಇಲ್ಲ. ಪ್ರಪಂಚದಲ್ಲಿ ಮೊದಲನೇ ಜಾಗ ಖಾಲಿ ಇದೆ. ಐಸ್‌ಲ್ಯಾಂಡಿಗೆ ಮುಂಚೆ ನಾವು ಕೂತ್ಕೋಬೇಕು."

ಅವಳು ನನ್ನ ಕಿವಿಯ ಮೇಲಿದ್ದ ಪೆನ್ಸಿಲ್ಲು ತೆಗೆದಳು, ಇದು ಬೇಡ ಎಂದು ಮತ್ತೆ ಸಿಕ್ಕಿಸಿ, ಪೆನ್ನು ಹುಡುಕಿ ಅರ್ಜಿಗೆ ಸಹಿ ಹಾಕಿದಳು.

ಮಾರ್ಚ್ 24, ಸೋಮವಾರ

ತರಬೇತಿ ಶುರು. ಅನ್ನ ತಳ ಹಿಡಿಯಿತು. ಬೇಳೆ ಬೇಯಲಿಲ್ಲ. ಪಟಾಕಿ ಬ್ರೆಡ್ಡು ತಿಂದು ಮಲಗಿದಳು. ಮಗಳು ಎಂಟೂವರೆಗೆ ಬಂದು ತಟ್ಟೆಯ ಮುಂದೆ ಕೂತು, "ಚೆನ್ನಾಗಿದೆ ಅಪ್ಪ," ಎಂದಳು. ಬೇಳೆ ಹಲ್ಲಿಗೆ ಸಿಕ್ಕಿ ಟಕ್ಕೆಂದ ಸದ್ದು ನನಗೂ ಕೇಳಿಸಿತು.

ಏಪ್ರಿಲ್ 2, ಬುಧವಾರ

ಬೇಳೆಯನ್ನು ಮಧ್ಯಾಹ್ನವೇ ನೆನೆಹಾಕಬೇಕು. ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತೇ?

ಸೆಲೂನಿಗೆ ಹೋದದ್ದು ಹತ್ತು ದಿನದ ಮೇಲೆ. "ಏನು ಗಡಿಯಾರದಣ್ಣ, ಕೈಯೆಲ್ಲ ಈರುಳ್ಳಿ ವಾಸ್ನೆ! ಮಗಳು ಕ್ರೇನು, ನೀವು ಸೌಟು. ಪ್ರಪಂಚ ಉಲ್ಟಾ ಆಯ್ತು."

"ಯಾವ ಪ್ರಪಂಚ? ಸರಿಯಾಗಿ ಹೇಳು," ಎಂದೆ. "ರುವಾಂಡಾದ ಪಾರ್ಲಿಮೆಂಟಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ. ಆದರೆ ಮನೇಲಿ ಕೆಲಸ ಅವರ ಮೇಲೇ. ಜಪಾನು ಶ್ರೀಮಂತ ದೇಶ, ಅಲ್ಲಿ ಗಂಡಸರು ಸೌಟು ಮುಟ್ಟೋದೂ ಕಡಿಮೆ, ಹೆಂಗಸರು ಮಂತ್ರಿ ಆಗೋದೂ ಕಡಿಮೆ. ಒಬ್ಬೊಬ್ಬರದ್ದು ಒಂದೊಂದು ಕಡೆ ತೂತು. ಹಾಗಾಗಿ ಉಲ್ಟಾ ಅನ್ನೋಕೆ ಮುಂಚೆ ನೆಟ್ಟಗೆ ಇರೋದು ಯಾವ್ದು ತೋರ್ಸು."

ಇದೆಲ್ಲ ಎಲ್ಲಿ ಕಲಿತಿರಿ ಎಂದ. ಪಟಾಕಿಯನ್ನು ಶಾಲೆಯಿಂದ ಕರೆತರಲು ಅರ್ಧ ಗಂಟೆ ಮುಂಚೆ ಹೋಗಿ ಎದುರಿನ ಲೈಬ್ರರಿಯಲ್ಲಿ ಕೂರುತ್ತೇನೆ. ಅಲ್ಲಿನ ಇಂಗ್ಲಿಷ್ ವರದಿ ಅರ್ಧ ಅರ್ಥವಾಗುತ್ತದೆ. ಇನ್ನರ್ಧಕ್ಕೆ ಅಂಕಿ ಇದೆ. ಅಂಕಿ ನನಗೆ ಬರುತ್ತದೆ.

ಮೂರೂ ಕಾಲು. ಹೊರಡಬೇಕು.

ಏಪ್ರಿಲ್ 11, ಶುಕ್ರವಾರ

ದೊಡ್ಡ ತಪ್ಪು ಮಾಡಿದೆ.

ಕ್ರೇನಿನ ಮೇಸ್ತ್ರಿ, ಪರೀಕ್ಷೆ ಮಾಡುವವನು, ನನ್ನ ಕಾಲದವನೇ. ಎಲ್ಲರೂ ಬಂಡೆ ಎನ್ನುತ್ತಾರೆ. ಮೈಯೂ ಹಾಗೇ, ಮಾತೂ ಹಾಗೇ. ನಿನ್ನೆ ಅವನನ್ನು ಕ್ಯಾಂಟೀನಿನಲ್ಲಿ ಹಿಡಿದು ಟೀ ಕುಡಿಸಿ, "ಮಗಳ ಕಡೆ ಸ್ವಲ್ಪ ನೋಡ್ಕೊಳ್ಳಯ್ಯ," ಎಂದೆ.

"ನೋಡು ಗಡಿಯಾರ, ಮೇಲೆ ಹತ್ತೋಕೆ ನೂರ ಎಂಬತ್ತು ಮೆಟ್ಟಿಲು. ಗಾಳಿ. ಹೆಣ್ಣುಮಕ್ಕಳಿಗೆ ಯಾಕೆ ಬೇಕು ಅದು? ಆದ್ರೂ ನಿನ್ನ ಮುಖ ನೋಡಿ ಪಾಸು ಮಾಡಿಸ್ತೀನಿ ಬಿಡು. ಆಮೇಲೆ ಗೋಡೌನಿನ ಸಣ್ಣ ಕ್ರೇನಿಗೆ ಹಾಕಿಸೋಣ," ಎಂದ.

ಸಿಹಿ ಸುದ್ದಿ ತಂದವನಂತೆ ಮಗಳಿಗೆ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು.

"ನಿನ್ನ ಮುಖ ನೋಡಿ? ಕ್ರೇನಿಗೆ ಹತ್ತೋದು ನಿನ್ನ ಮುಖಾನಾ? ಇನ್ಮೇಲೆ ನಾನು ಎಷ್ಟು ಚೆನ್ನಾಗಿ ಮಾಡಿದ್ರೂ ಗಡಿಯಾರದಣ್ಣನ ಮಗಳು, ಅದಕ್ಕೇ ಬಂದ್ಲು ಅಂತಾರೆ. ಮೊದಲು ನನ್ನ ಪುಸ್ತಕ ನೀನೇ ತುಂಬಿದೆ. ಈಗ ಇದನ್ನೂ."

ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಇವತ್ತು ಊಟದ ಬಿಡುವಿನಲ್ಲಿ ಅವಳು ನೇರ ಬಂಡೆಯ ಹತ್ತಿರ ಹೋಗಿ, ಎಲ್ಲರ ಮುಂದೆ, "ಮೇಸ್ತ್ರಿಯೋರೇ, ಪರೀಕ್ಷೆ ಮುಚ್ಚಿದ ಕೋಣೇಲಿ ಬೇಡ, ಕಟ್ಟೆ ಮೇಲೆ ನಡೀಲಿ. ನಿಜವಾದ ಹಡಗು, ನಿಜವಾದ ಡಬ್ಬ. ಮೂರು ಜನ ಎಣಿಸಲಿ. ಒಂದು ಕಡಿಮೆ ಬಂದ್ರೂ ಫೇಲು ಮಾಡಿ," ಎಂದಳಂತೆ. ಪರೀಕ್ಷೆಯ ನಿಯಮ ಒಂದು ಗಂಟೆಗೆ ಇಪ್ಪತ್ತೈದು ಡಬ್ಬ, ಒಂದೂ ಎಲ್ಲಿಗೂ ತಾಗಕೂಡದು. ಜೊತೆಗೆ ಕಲಿಯುತ್ತಿರುವ ಇಬ್ಬರು ಹುಡುಗರ ಮುಖ ಹುಳಿಯಾಯಿತಂತೆ. ಬಂಡೆ ಒಪ್ಪಿದ.

ಇದನ್ನು ನನಗೆ ಹೇಳಿದ್ದು ಮಗಳಲ್ಲ, ಕ್ಯಾಂಟೀನಿನವನು. ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಏಪ್ರಿಲ್ 13, ಭಾನುವಾರ

ಎರಡು ದಿನದ ಮೇಲೆ ಮೊದಲ ಮಾತು: "ಉಪ್ಪು ಕಡಿಮೆ."

ಹಾಕಿದೆ.

ಏಪ್ರಿಲ್ 29, ಮಂಗಳವಾರ

ನಿನ್ನೆ ಸಂಜೆ ಆರಕ್ಕೆ ಪಟಾಕಿಯ ಮೈ ಕೆಂಡವಾಗಿತ್ತು. ಫೋನು ಕೈಗೆತ್ತಿಕೊಂಡೆ, ಇಟ್ಟೆ. ಮಗಳಿಗೆ ಉಳಿದದ್ದು ಐದೇ ಪಾಠ, ಒಂದು ತಪ್ಪಿದರೂ ಪರೀಕ್ಷೆಗೆ ಬಿಡುವುದಿಲ್ಲ. ಹೇಳದಿದ್ದರೆ ಅದೂ ತಪ್ಪು, ಮತ್ತೆ ಅವಳ ಬದಲು ನಾನು ತೀರ್ಮಾನ ಮಾಡಿದಂತೆ. ಕೊನೆಗೆ ಫೋನು ಮಾಡಿದೆ. "ನೂರೆರಡು ಇದೆ. ಡಾಕ್ಟರ ಹತ್ರ ಹೊರಟೆ. ನಾನು ಒಬ್ಬನೇ ನೋಡ್ಕೋಬಲ್ಲೆ. ಬರ್ತೀಯೋ ಇರ್ತೀಯೋ, ನೀನು ಹೇಳು."

ಆ ಕಡೆ ಯಂತ್ರದ ಸದ್ದಿನ ನಡುವೆ ಅವಳ ದನಿ ಕೇಳಿಸಿತು.

"ಇರ್ತೀನಿ ಅಪ್ಪ. ಅವಳಿಗೆ ನೀಲಿ ಶಾಲು ಹೊದಿಸು, ಅದಾದ್ರೆ ಅಳಲ್ಲ."

ಡಾಕ್ಟರ ಕೋಣೆಯ ಮುಂದೆ ಹನ್ನೊಂದು ತಾಯಂದಿರು, ನಾನೊಬ್ಬ. ಗಂಟಲು ನೋವಿನ ಜ್ವರವಂತೆ. ಎಂಟಕ್ಕೆ ಮನೆ. ಇವತ್ತು ಬೆಳಿಗ್ಗೆ ಪಟಾಕಿ ಎದ್ದು ಬಿಸ್ಕೆಟ್ಟಿಗೆ ಜಗಳ ತೆಗೆದಳು. ಗುಣವಾಯಿತೆಂದು ತಿಳಿದೆ.

ಮೇ 5, ಸೋಮವಾರ

ನಾಳೆ.

ಮಗಳಿಗೆ ಊಟ ಸೇರಲಿಲ್ಲ. ತಟ್ಟೆಯ ಅಂಚಿನಲ್ಲಿ ಚಮಚವನ್ನು ಹಿಂದೆ ಮುಂದೆ ಓಡಿಸುತ್ತಿದ್ದಳು. ಡಬ್ಬ ತೂಗಾಡಿದಾಗ ನಿಲ್ಲಿಸುವುದು ಹಾಗಂತೆ: ತೂಗುವ ಕಡೆಗೇ ಒಂದು ಚೂರು ಹೋಗಿ, ಅದರ ಜೊತೆ ನಿಲ್ಲಬೇಕು. ಎದುರು ಎಳೆದರೆ ಇನ್ನೂ ತೂಗುತ್ತದೆ.

"ಭಯಾನಾ?"

"ಎತ್ತರದ್ದಲ್ಲ. ನಾನು ಸೋತ್ರೆ ಇನ್ನು ಇಪ್ಪತ್ತು ವರ್ಷ ಬೇರೆ ಯಾವ ಹುಡುಗೀನೂ ಹತ್ತಿಸಲ್ಲ. ಆ ಇಬ್ಬರು ಸೋತ್ರೆ ಆ ಇಬ್ಬರೇ ಸೋತ್ರು ಅಂತಾರೆ."

ಈ ಮಾತನ್ನು ಯಾವ ವರದಿಯಲ್ಲೂ ಓದಿರಲಿಲ್ಲ.

ಮೇ 6, ಮಂಗಳವಾರ

ಕ್ರಮವಾಗಿ ಬರೆಯುತ್ತೇನೆ.

ಗಾಳಿ ಇತ್ತು. ಕಟ್ಟೆಯ ಮೇಲೆ ನೂರು ಜನವಾದರೂ ಸೇರಿದ್ದರು, ಸೆಲೂನಿನವನೂ ಅಂಗಡಿ ಮುಚ್ಚಿ ಬಂದು ಬೇಲಿಯಾಚೆ ನಿಂತಿದ್ದ. ಮೊದಲ ಹುಡುಗ ಇಪ್ಪತ್ತಾರು, ಪಾಸು. ಎರಡನೆಯವನು ಇಪ್ಪತ್ತಮೂರರಲ್ಲಿದ್ದಾಗ ಡಬ್ಬ ಹಡಗಿನ ಕಂಬಿಗೆ ತಾಗಿ ಗಂಟೆ ಬಾರಿಸಿದಂತಾಯಿತು. ಫೇಲು.

ಮಗಳು ಹತ್ತಿದಳು. ನೂರ ಎಂಬತ್ತು ಮೆಟ್ಟಿಲು. ಕೆಳಗಿನಿಂದ ಹಳದಿ ಹೆಲ್ಮೆಟ್ಟು ಒಂದು ಬಟಾಣಿಯಷ್ಟು.

ಮೊದಲ ಮೂರು ಡಬ್ಬ ನಿಧಾನ. "ಹೆದರಿದ್ಲು," ಎಂದ ಯಾರೋ. ನಾನು ತುಟಿ ಕಚ್ಚಿಕೊಂಡೆ. ಹತ್ತು ನಿಮಿಷಕ್ಕೆ ಮೂರೇ. ಆಮೇಲೆ ಗೊತ್ತಾಯಿತು, ಅವಳು ಗಾಳಿಯನ್ನು ಅಳೆಯುತ್ತಿದ್ದಳು. ನಾಲ್ಕನೆಯದು ಹೋಯಿತು ನೋಡಿ, ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಹೋದ ಹಾಗೆ! ತೂಗಾಟವಿಲ್ಲ, ತಡವರಿಕೆಯಿಲ್ಲ. ಐದು, ಆರು, ಒಂಬತ್ತು. ಅರ್ಧ ಗಂಟೆಗೆ ಹನ್ನೆರಡು. ಹದಿನೆಂಟನೆಯದಕ್ಕೆ ಗಾಳಿ ಬೀಸಿ ಡಬ್ಬ ಓರೆಯಾಯಿತು, ನೂರು ಜನ ಉಸಿರು ಹಿಡಿದರು. ಅವಳು ಎದುರು ಎಳೆಯಲಿಲ್ಲ, ಅದರ ಜೊತೆಗೆ ಒಂದು ಚೂರು ಹೋದಳು, ಡಬ್ಬ ತಾನಾಗಿ ನಿಂತಿತು.

ಎಣಿಸುತ್ತಿದ್ದ ಮೂವರೂ ಜೋರಾಗಿ ಕೂಗತೊಡಗಿದರು. ಇಪ್ಪತ್ತಮೂರು! ಇಪ್ಪತ್ನಾಲ್ಕು! ಇಪ್ಪತ್ತೈದು ಆದಾಗ ಇನ್ನೂ ನಾಲ್ಕು ನಿಮಿಷವಿತ್ತು. ಸಾಕು ಎಂದುಕೊಂಡೆ. ಅವಳಿಗೆ ಸಾಕಾಗಲಿಲ್ಲ. ಇಪ್ಪತ್ತಾರು. ಇಪ್ಪತ್ತೇಳನೆಯದು ಕೂತು ನಾಲ್ಕು ಮೂಲೆಯ ಬೀಗ ಬಿದ್ದ ಮೇಲೆ ಬಂಡೆ ಸೀಟಿ ಊದಿದ.

ಅವಳು ಇಳಿದು ಬರುವವರೆಗೂ ಬಂಡೆ ಮೆಟ್ಟಿಲ ಬುಡದಲ್ಲೇ ನಿಂತಿದ್ದ. "ಏನಮ್ಮ, ಗೋಡೌನಿನ ಕ್ರೇನು ಬೇಡವಾ?"

"ಬೇಡ ಮೇಸ್ತ್ರಿಯೋರೇ. ತಗ್ಗು ಜಾಸ್ತಿ ಆಯ್ತು."

ಬಂಡೆ ನಕ್ಕದ್ದನ್ನು ನಾನು ನೋಡಿದ್ದು ಇದೇ ಮೊದಲು. ಹೆಲ್ಮೆಟ್ಟುಗಳು ಆಕಾಶಕ್ಕೆ ಹಾರಿದವು. ಸೆಲೂನಿನವನು ಬೇಲಿಯಾಚೆಯಿಂದ, "ಗಡಿಯಾರದಣ್ಣಾ, ಐಸ್‌ಲ್ಯಾಂಡು ಎಲ್ಲಣ್ಣಾ ಈಗ?" ಎಂದು ಅರಚುತ್ತಿದ್ದ. ಅಳಿಯನಿಗೆ ಫೋನು ಮಾಡಿದರೆ ಹಡಗಿನ ಅಡುಗೆಮನೆಯಲ್ಲಿ ಇಪ್ಪತ್ತೆರಡು ಜನ ತಟ್ಟೆ ಬಡಿದರು, ಇಲ್ಲಿಗೂ ಕೇಳಿಸಿತು.

ಮಗಳು ನನ್ನ ಹತ್ತಿರ ಬಂದು ಹೆಲ್ಮೆಟ್ಟು ತೆಗೆದು ನನ್ನ ತಲೆಗೆ ಹಾಕಿದಳು.

ಮೇ 12, ಸೋಮವಾರ

ಮಗಳಿಗೆ ಇನ್ನು ಪಾಳಿ ಕೆಲಸ. ಹೊಸ ಶಿಫ್ಟ್ ಪಟ್ಟಿ ಅವಳೇ ಹಾಕಿದ್ದಾಳೆ, ಬೆಳಗಿನ ಹಾಲು, ಶಾಲೆ, ಸಂಜೆಯ ಅಡುಗೆ ನನ್ನವು. ಬಟ್ಟೆ, ಸಂತೆ, ಭಾನುವಾರ ಅವಳವು. ಸರ್ವೆಯಮ್ಮ ದಾರಿಯಲ್ಲಿ ಸಿಕ್ಕಿ, ಇನ್ನೊಂದು ಪುಸ್ತಕ ಕೊಡಲಾ ಎಂದಳು. ಬರೆಯಲು ಪುರುಸೊತ್ತಿಲ್ಲಮ್ಮ ಎಂದೆ.

ಮೇ 19, ಸೋಮವಾರ

ನಮ್ಮ ಬಂದರಿನಲ್ಲಿ ಒಂದು ಪದ್ಧತಿಯಿದೆ. ಹೊಸ ಆಪರೇಟರು ಪಕ್ಕದಲ್ಲಿ ಯಾರೂ ಇಲ್ಲದೆ ಎತ್ತುವ ಮೊದಲ ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ಅವನ ಹೆಸರು, ಅದರ ಕೆಳಗೆ ಅವನ ಅಪ್ಪನ ಹೆಸರು ಬರೆಯುತ್ತಾರೆ. ಮಳೆ ತೊಳೆಯುವವರೆಗೆ ಆ ಹೆಸರು ಹಡಗಿನ ಮೇಲೆ ಊರೂರು ಸುತ್ತುತ್ತದೆ.

ಇವತ್ತು ಮಗಳ ಸರದಿ. ಬಂಡೆಯೇ ಸೀಮೆಸುಣ್ಣ ತಂದು, "ನಿನ್ನ ಅಕ್ಷರ ಚೆನ್ನಾಗಿದೆ. ನೀನೇ ಬರಿ," ಎಂದ.

ಮಗಳ ಹೆಸರು ಬರೆದೆ, ಮೊಳದುದ್ದದ ಅಕ್ಷರದಲ್ಲಿ. ಕೆಳಗಿನ ಸಾಲಿಗೆ ಬಂದಾಗ ಕೈ ನಿಂತಿತು. ಆಮೇಲೆ ನನ್ನವಳ ಹೆಸರು ಬರೆದೆ. ಮೂವತ್ತೆಂಟು ವರ್ಷ 'ಏ, ಕೇಳಿಸ್ತಾ' ಎಂದು ಕರೆದಿದ್ದೆನೇ ಹೊರತು ಆ ಹೆಸರನ್ನು ಎಲ್ಲಿಯೂ ಬರೆದಿರಲಿಲ್ಲ. ನಡುವಿನ ಅಕ್ಷರ ಸೊಟ್ಟಗಾಯಿತು. ಒರೆಸಿ ಮತ್ತೆ ಬರೆದೆ.

"ಇದು ಯಾರಯ್ಯ?" ಎಂದ ಬಂಡೆ.

"ಅವಳ ಅಮ್ಮ."

"ಅಪ್ಪನ ಹೆಸರಲ್ವಾ ಬರೆಯೋದು?"

"ನನ್ನ ಹೆಸರು ಈ ಬಂದರಲ್ಲಿ ಹತ್ತು ಸಾವಿರ ಸಲ ಬರ್ದಿದೀನಿ. ಎತ್ತೋಕೆ ಹೇಳು."

ಬಂಡೆ ಎರಡು ಸಾಲನ್ನೂ ಇನ್ನೊಮ್ಮೆ ಓದಿದ. ಕೈಯಲ್ಲಿದ್ದ ವಾಕಿಟಾಕಿಯನ್ನು ಬಾಯಿಗೆ ಹಿಡಿದು, "ಎತ್ತಮ್ಮ," ಎಂದ.

ಡಬ್ಬ ನೆಲ ಬಿಟ್ಟಿತು. ನಮ್ಮ ತಲೆಯ ಮಟ್ಟ, ಲಾರಿಯ ಮಟ್ಟ, ದೀಪದ ಕಂಬದ ಮಟ್ಟ ದಾಟಿ, ಎರಡು ಹೆಸರೂ ಬಿಸಿಲಿಗೆ ಬೆಳ್ಳಗೆ ಕಾಣುತ್ತಾ ಹಡಗಿನ ಮೇಲಕ್ಕೆ ಹೋಗಿ ಸದ್ದಿಲ್ಲದೆ ಕೂತಿತು.

"ಎಲ್ಲೆಲ್ಲಿಗೆ ಹೋಗುತ್ತೆ ಈ ಹಡಗು?" ಎಂದೆ.

"ಹನ್ನೊಂದು ದೇಶ," ಎಂದ ಬಂಡೆ. "ಎಲ್ಲಾ ಕಡೆ ನೋಡ್ತಾರೆ."

ನೋಡಲಿ.